“ನೋವೇ ಇಲ್ವಲ್ಲ ಮೇಡಂ, ಮತ್ಯಾಕೆ ಬರ್ಬೇಕು?”

ಚಿಕ್ಕಮಗಳೂರಿನ ನನ್ನ ಹಲ್ಲಿನ ಕ್ಲಿನಿಕ್ಕಿನಲ್ಲಿ ಜನ ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ನ್ಯಾಯವಾದ ಪ್ರಶ್ನೆಯೇ. ಕೊಪ್ಪದಿಂದಲೋ ಮೂಡಿಗೆರೆಯಿಂದಲೋ ಬಸ್ಸು ಹಿಡಿದು, ಒಂದು ದಿನದ ಕೂಲಿ ಬಿಟ್ಟು ಬರುವವರಿಗೆ “ಸುಮ್ನೆ ಒಂದ್ಸಲ ತೋರಿಸಿ ಹೋಗಿ” ಅನ್ನುವುದು ಸುಲಭ, ಬರುವುದು ಸುಲಭವಲ್ಲ. ಕಾಫಿ ಕುಯ್ಲು ಶುರುವಾದರಂತೂ ದವಡೆ ಊದಿದ್ದರೂ ತೋಟ ಬಿಟ್ಟು ಬರುವುದಿಲ್ಲ. ಹಾಗಾಗಿ ಈ ಪ್ರಶ್ನೆಗೆ ನಾನು ಅವಸರದ ಉತ್ತರ ಕೊಡುವುದಿಲ್ಲ. ಕುರ್ಚಿ ಒರಗಿಸುವ ಮೊದಲೇ, ಅವರು ನೆಟ್ಟಗೆ ಕೂತಿರುವಾಗಲೇ ಮಾತಾಡುತ್ತೇನೆ. ಬಾಯಿ ತೆರೆದು ಮಲಗಿದವರಿಗೆ ವಿವರಿಸಿ ಪ್ರಯೋಜನವಿಲ್ಲ, ಅವರು ತಿರುಗಿ ಏನೂ ಕೇಳುವ ಹಾಗಿರುವುದಿಲ್ಲ.

ನಾನು ಹೇಳುವುದು ಇಷ್ಟು. ಹಲ್ಲಿನ ಮೇಲಿನ ಗಟ್ಟಿ ಪದರದಲ್ಲಿ ನರವೇ ಇಲ್ಲ. ಹುಳುಕು ಅಲ್ಲಿರುವಾಗ ನೋಯುವುದಿಲ್ಲ. ಆಗ ಬಂದರೆ ಒಂದೇ ಸಲಕ್ಕೆ ಕೊರೆದು ತುಂಬಿ ಕಳಿಸಬಹುದು. ಅದು ಒಳಗಿನ ನರ ಮುಟ್ಟಿದ ಮೇಲೆ ರಾತ್ರಿ ಮಲಗಿದ ತಕ್ಷಣ ಸಿಡಿಯಲು ಶುರುವಾಗುತ್ತದೆ. ಆಮೇಲೆ ರೂಟ್ ಕೆನಾಲ್, ಅದರ ಮೇಲೆ ಕ್ಯಾಪ್, ಎರಡು ಮೂರು ಸಲ ಓಡಾಟ. ಇದಕ್ಕಿಂತ ಮೋಸದ ಹಂತ ಇನ್ನೊಂದಿದೆ. ಕೆಲವು ದಿನ ಸಿಡಿದ ಹಲ್ಲು ತಾನಾಗಿಯೇ ಸುಮ್ಮನಾಗುತ್ತದೆ. “ಮಾತ್ರೆ ನುಂಗಿದೆ, ವಾಸಿ ಆಯ್ತು” ಅಂತ ಖುಷಿಪಡುತ್ತಾರೆ. ವಾಸಿ ಆಗಿರುವುದಿಲ್ಲ, ನರ ಸತ್ತಿರುತ್ತದೆ. ಸೋಂಕು ಬೇರಿನ ತುದಿಗೆ ಇಳಿದು ಮೂಳೆ ತಿನ್ನುತ್ತಿರುತ್ತದೆ. ಎಕ್ಸ್‌ರೇ ತೆಗೆದು ಬೇರಿನ ತುದಿಯ ಕಪ್ಪು ನೆರಳನ್ನು ತೋರಿಸುತ್ತೇನೆ. ಇಷ್ಟು ಮಾತಿಗಿಂತ ಆ ಒಂದು ಚಿತ್ರ ಬೇಗ ಅರ್ಥವಾಗುತ್ತದೆ.

ಖರ್ಚನ್ನೂ ಆಗಲೇ ಹೇಳಿಬಿಡುತ್ತೇನೆ. ಹಲ್ಲು ಉಳಿಸಲು ಎಷ್ಟು, ಕೀಳಿಸಲು ಎಷ್ಟು, ಕಿತ್ತ ಜಾಗಕ್ಕೆ ಮುಂದೆ ಹಲ್ಲು ಕಟ್ಟಿಸಲು ಎಷ್ಟು ಅಂತ ಒಂದು ಚೀಟಿಯಲ್ಲಿ ಕನ್ನಡದಲ್ಲೇ ಬರೆದು ಕೊಡುತ್ತೇನೆ. ಮನೆಗೆ ಹೋಗಿ ಯೋಚಿಸಲಿ. ದುಡ್ಡಿನ ಮಾತು ಬಾಯಿಬಿಟ್ಟು ಕೇಳಲು ನಮ್ಮ ಜನ ತುಂಬಾ ಸಂಕೋಚಪಡುತ್ತಾರೆ. ಅವರಾಗಿ ಕೇಳಲಿ ಅಂತ ಕಾಯುವುದು ತಪ್ಪು ಅನ್ನುವುದು ನನ್ನ ಅಭಿಪ್ರಾಯ.

ಮುಂದಿನ ಪ್ರಶ್ನೆ ಕಣ್ಣಿನದು. “ಮೇಲಿನ ಹಲ್ಲು ಕಿತ್ರೆ ಕಣ್ಣು ಮಂಜಾಗುತ್ತಂತಲ್ಲ ಡಾಕ್ಟ್ರಮ್ಮ?” ಈ ಭಯ ಬರೀ ವಯಸ್ಸಾದವರದ್ದಲ್ಲ, ಓದಿದವರೂ ದನಿ ತಗ್ಗಿಸಿ ಕೇಳುತ್ತಾರೆ. ಹಲ್ಲಿನ ನರವೇ ಬೇರೆ, ನೋಟದ ನರವೇ ಬೇರೆ. ಆದರೆ ಹಾಗಂತ ಹೇಳಿ ಮುಗಿಸಿದರೆ ಭಯ ಹೋಗುವುದಿಲ್ಲ. ಪಕ್ಕದ ಮನೆಯವರಿಗೆ ಹಾಗೇ ಆಗಿದ್ದನ್ನು ಅವರು ಕಣ್ಣಾರೆ ನೋಡಿರುತ್ತಾರೆ. ಅದಕ್ಕೆ ನಾನೇ ತಿರುಗಿ ಕೇಳುತ್ತೇನೆ: “ಅಜ್ಜಿ, ಕೆಳಗಿನ ಹಲ್ಲು ಕೀಳಿಸಿದೋರಿಗೂ, ಒಂದು ಹಲ್ಲೂ ಕೀಳಿಸದೇ ಇರೋರಿಗೂ ನಲವತ್ತು ದಾಟಿದ ಮೇಲೆ ಕನ್ನಡಕ ಬಂತಲ್ವಾ?” ಹತ್ತಿರದ ಅಕ್ಷರ ಮಸುಕಾಗುವ ವಯಸ್ಸೂ ಹಲ್ಲು ಹಾಳಾಗಿ ಕೀಳಿಸುವ ವಯಸ್ಸೂ ಸುಮಾರಾಗಿ ಒಂದೇ. ಅಷ್ಟಕ್ಕೇ ಒಂದರ ತಪ್ಪು ಇನ್ನೊಂದರ ಮೇಲೆ ಬಿದ್ದಿದೆ. ನಿಜವಾದ ಅಪಾಯ ಕೀವಾದ ಮೇಲಿನ ಹಲ್ಲನ್ನು ಹಾಗೇ ಬಿಡುವುದರಲ್ಲಿದೆ. ಆ ಸೋಂಕು ಅಪರೂಪಕ್ಕೆ ಕಣ್ಣಿನ ಸುತ್ತಲಿನ ಭಾಗಕ್ಕೂ ಹರಡುತ್ತದೆ.

“ಕ್ಲೀನ್ ಮಾಡಿಸಿದ್ರೆ ಹಲ್ಲು ಸಡಿಲ ಆಗುತ್ತೆ” ಅನ್ನುವ ಮಾತೂ ಹೀಗೇ ಹುಟ್ಟಿದ್ದು. ಹಲ್ಲಿನ ಬುಡದಲ್ಲಿ ಕಟ್ಟಿದ ಪಾಚಿ ಗಟ್ಟಿಯಾಗಿ ಕಲ್ಲಿನಂತಾಗುತ್ತದೆ. ವಸಡು ಊದಿ ರಕ್ತ ಬರುತ್ತದೆ, ನಿಧಾನಕ್ಕೆ ಒಳಗಿನ ಮೂಳೆ ಕರಗುತ್ತದೆ. ಇದರಲ್ಲೂ ನೋವಿಲ್ಲ. ತೋಟದವರಿಗೆ ನಾನು ಹೇಳುವುದು: ಬುಡದ ಮಣ್ಣು ಕೊಚ್ಚಿಹೋದ ಅಡಿಕೆ ಸಸಿಯನ್ನು ಸುತ್ತಲಿನ ಕಳೆ ಹಿಡಿದುಕೊಂಡಿದೆ ಅಂದ್ಕೊಳ್ಳಿ. ಕಳೆ ಕಿತ್ತಾಗ ಸಸಿ ಅಲ್ಲಾಡಿದರೆ ತಪ್ಪು ಕಳೆ ಕಿತ್ತವನದ್ದಲ್ಲ. ಕ್ಲೀನ್ ಮಾಡಿಸಿದ ಮೇಲೆ ಕೆಲವು ದಿನ ತಣ್ಣೀರಿಗೆ ಜುಮ್ ಅನ್ನುವುದು, ಸಂದು ಜಾಸ್ತಿಯಾದ ಹಾಗೆ ಅನಿಸುವುದು ಸಹಜ. ಇದನ್ನು ಮೊದಲೇ ಹೇಳಿರುತ್ತೇನೆ. ಇಲ್ಲದಿದ್ದರೆ ಅದೇ ಒಂದು ಪುಕಾರಾಗಿ ಊರೆಲ್ಲ ಸುತ್ತುತ್ತದೆ. ಸಕ್ಕರೆ ಕಾಯಿಲೆ ಇದ್ದವರಿಗೆ ವಸಡಿನ ಮಾತನ್ನು ಒತ್ತಿ ಹೇಳುತ್ತೇನೆ. ಶುಗರ್ ಏರಿದರೆ ವಸಡು ಕೆಡುತ್ತದೆ, ವಸಡು ಕೆಟ್ಟರೆ ಶುಗರ್ ಹತೋಟಿಗೆ ಬರುವುದು ಕಷ್ಟ.

ಮಕ್ಕಳ ವಿಷಯಕ್ಕೆ ಬಂದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. “ಹಾಲು ಹಲ್ಲು ತಾನೇ, ಬಿದ್ದು ಹೋಗುತ್ತೆ ಬಿಡಿ” ಅನ್ನುತ್ತಾರೆ. ಹಾಲು ಹಲ್ಲು ಇಪ್ಪತ್ತು, ಹಿಂದಿನವು ಬೀಳುವುದು ಹತ್ತು ಹನ್ನೆರಡು ವರ್ಷಕ್ಕೆ. ಅಲ್ಲಿವರೆಗೆ ಮಗು ಅಗಿಯಬೇಡವೇ? ಬೇಗ ಕಿತ್ತರೆ ಕೆಳಗಿನಿಂದ ಬರುವ ಹಲ್ಲಿಗೆ ಜಾಗ ಸಾಲದೆ ಅದು ಓರೆಯಾಗಿ ಬರುತ್ತದೆ. ಇನ್ನೂ ದೊಡ್ಡ ವಿಷಯವೆಂದರೆ, ಆರು ವರ್ಷದ ಹೊತ್ತಿಗೆ ಹಾಲು ಹಲ್ಲುಗಳ ಹಿಂದೆ ಒಂದು ದವಡೆ ಹಲ್ಲು ಸದ್ದಿಲ್ಲದೆ ಬರುತ್ತದೆ. ಯಾವ ಹಲ್ಲೂ ಬೀಳದೆ ಬರುವುದರಿಂದ ಅದನ್ನೂ ಹಾಲು ಹಲ್ಲು ಅಂದುಕೊಳ್ಳುತ್ತಾರೆ. ಅದು ಜೀವನಪೂರ್ತಿ ಇರಬೇಕಾದ ಹಲ್ಲು. ಹತ್ತು ವರ್ಷದ ಮಗುವಿಗೆ ಆ ಹಲ್ಲು ಕೀಳಬೇಕಾಗಿ ಬಂದರೆ ಇಡೀ ದಿನ ನನಗೆ ಮನಸ್ಸು ಸರಿ ಇರುವುದಿಲ್ಲ. ಒಂದನೇ ಕ್ಲಾಸಿನ ಮಕ್ಕಳನ್ನು ಕರೆದುಕೊಂಡು ಬರುವ ಅಪ್ಪ ಅಮ್ಮನ ಕೈಗೆ ಕನ್ನಡಿ ಕೊಟ್ಟು ಆ ಹಲ್ಲನ್ನು ಬೆರಳಿಟ್ಟು ತೋರಿಸುತ್ತೇನೆ.

ಕಡೂರು ಕಡೆಯವರು ಬೇರೆಯದೇ ಪ್ರಶ್ನೆ ತರುತ್ತಾರೆ. “ಎಷ್ಟು ಉಜ್ಜಿದ್ರೂ ಕಂದು ಕಲೆ ಹೋಗಲ್ಲ ಮೇಡಂ.” ಅದು ಉಜ್ಜುವುದರ ದೋಷವಲ್ಲ. ಆ ಬಯಲುಸೀಮೆಯಲ್ಲಿ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇರುವ ಊರುಗಳಿವೆ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅನ್ನುವುದು ಕುಡಿಯುವ ನೀರಿನ ಮಿತಿ. ವಸಡಿನೊಳಗೆ ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ, ಅಂದರೆ ಸುಮಾರು ಎಂಟು ವರ್ಷದೊಳಗೆ, ಆ ನೀರು ಕುಡಿದರೆ ಕಲೆ ಹಲ್ಲಿನ ಜೊತೆಗೇ ಬರುತ್ತದೆ. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಉಳಿದ ನೀರಿನಲ್ಲಿ ಅದರ ಪ್ರಮಾಣ ಇನ್ನಷ್ಟು ಹೆಚ್ಚುತ್ತದೆ. ಆರ್‌ಒ ಘಟಕದ ನೀರು ಕೊಡಿ ಅನ್ನುತ್ತೇನೆ. ಮದುವೆಗೆ ಮುಂಚೆ ಅಂತ ಬರುವ ಹುಡುಗಿಯರಿಗೆ ಕಲೆ ತಿಳಿಯಾಗಿಸುವ, ಮುಚ್ಚುವ ದಾರಿಗಳಿವೆ. ಮೊದಲು ಹೇಳುವುದು ಮಾತ್ರ ಒಂದೇ: ನೀನು ಕೊಳಕಾಗಿದ್ದೀಯ ಅಂತ ಯಾರಾದರೂ ಅಂದಿದ್ದರೆ ಅದು ಸುಳ್ಳಮ್ಮ.

ಮಲೆನಾಡಿನ ಕಡೆಯವರಿಗೆ ಅಡಿಕೆಯ ಮಾತು. ಖಾರ ತಿಂದರೆ ಬಾಯಿ ಉರಿಯುತ್ತಾ, ಬಾಯಿ ಮೊದಲಿನಷ್ಟು ಅಗಲ ತೆರೆಯುತ್ತಾ ಅಂತ ಕೇಳುತ್ತೇನೆ. ಅವರದೇ ಮೂರು ಬೆರಳು ಒಂದರ ಮೇಲೊಂದಿಟ್ಟು ಮುಂದಿನ ಹಲ್ಲುಗಳ ನಡುವೆ ತೂರಿಸಲು ಹೇಳುತ್ತೇನೆ. ತೂರದಿದ್ದರೆ, ಕೆನ್ನೆಯೊಳಗೆ ಬಿಳಿಚಿ ಗಟ್ಟಿಯಾಗಿದ್ದರೆ ಅಡಿಕೆ ಇವತ್ತೇ ಬಿಡಬೇಕು. “ಹೊಗೆಸೊಪ್ಪು ಹಾಕಲ್ಲ, ಬರೀ ಅಡಿಕೆ” ಅನ್ನುವವರೂ ಇದರಲ್ಲಿ ಸೇರಿದರು. ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಹೇಳಿದೆ. ಅಡಿಕೆಯಿಂದಲೇ ಮನೆ ನಡೆಯುವವರ ಮುಂದೆ ಇದನ್ನು ಹೇಳುವುದು ಹಿತವಾಗಿರುವುದಿಲ್ಲ. ಆದರೂ ಹೇಳುತ್ತೇನೆ.

ಹಲ್ಲು ಕೀಳಿಸುವ ದಿನದ ಪ್ರಶ್ನೆಗಳಿಗೆ ಉತ್ತರ ಚಿಕ್ಕದು. ತಿಂಡಿ ತಿಂದೇ ಬನ್ನಿ. ಬಿಪಿ, ಶುಗರ್ ಮಾತ್ರೆ ತಪ್ಪಿಸಬೇಡಿ. ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ನೀವಾಗಿಯೇ ನಿಲ್ಲಿಸಬೇಡಿ, ಮಾತ್ರೆಯ ಪಟ್ಟಿ ತಂದು ತೋರಿಸಿ. ಬಸುರಿಯಾಗಿದ್ದರೆ ಮುಚ್ಚಿಡಬೇಡಿ, ನಾಲ್ಕರಿಂದ ಆರನೇ ತಿಂಗಳು ಚಿಕಿತ್ಸೆಗೆ ಅನುಕೂಲದ ಕಾಲ. ಕಿತ್ತ ಮೇಲೆ ಹತ್ತಿಯನ್ನು ಮುಕ್ಕಾಲು ಗಂಟೆ ಕಚ್ಚಿ ಹಿಡಿಯಿರಿ. ಅವತ್ತು ಉಗುಳಬಾರದು, ಬಾಯಿ ಮುಕ್ಕಳಿಸಬಾರದು, ಬಿಸಿ ಕಾಫಿ ಬೇಡ. ಕಾಫಿ ನಾಡಿನಲ್ಲಿ ಈ ಕೊನೆಯ ಮಾತಿಗೆ ಮಾತ್ರ ಎಲ್ಲರೂ ಒಂದು ಕ್ಷಣ ತಡೆದು, “ಆರಿಸಿ ಕುಡಿದ್ರೆ?” ಅಂತ ಕೇಳುತ್ತಾರೆ. ಪೂರ್ತಿ ಆರಿದ್ದರೆ ಕುಡಿಯಬಹುದು.

ಯಾರೂ ಕೇಳದ, ನಾನೇ ಮೇಲೆ ಬಿದ್ದು ಹೇಳುವ ಒಂದು ವಿಷಯವಿದೆ. ಮಗು ಬಿದ್ದು ಮುಂದಿನ ಶಾಶ್ವತ ಹಲ್ಲು ಪೂರ್ತಿ ಕಿತ್ತು ಬಂದರೆ ಎಸೆಯಬೇಡಿ. ಬೇರಿನ ಭಾಗ ಮುಟ್ಟದೆ ಮೇಲ್ಭಾಗ ಹಿಡಿದು, ಉಜ್ಜದೆ, ಒಂದು ಲೋಟ ತಣ್ಣನೆಯ ಹಾಲಿನಲ್ಲಿ ಹಾಕಿಕೊಂಡು ಬನ್ನಿ. ಅರ್ಧ ಗಂಟೆಯೊಳಗೆ ಬಂದರೆ ತುಂಬಾ ಒಳ್ಳೆಯದು, ಒಂದು ಗಂಟೆ ಮೀರದಿದ್ದರೆ ಅದನ್ನು ಮತ್ತೆ ಕೂರಿಸಿ ಉಳಿಸುವ ಅವಕಾಶ ಚೆನ್ನಾಗಿರುತ್ತದೆ. ನಿಮ್ಮ ಊರಿಂದ ಚಿಕ್ಕಮಗಳೂರು ದೂರವಾದರೆ ನನ್ನ ಹತ್ತಿರವೇ ಬರಬೇಕಂತಿಲ್ಲ, ಹತ್ತಿರದಲ್ಲಿ ಯಾವ ಹಲ್ಲಿನ ಡಾಕ್ಟರ್ ಇದ್ದಾರೋ ಅಲ್ಲಿಗೆ ಹೋಗಿ.