ಟೈಮರ್ ಹಚ್ಚುವುದು ಒಂದು ಸಾಲು, ನಿಲ್ಲಿಸುವುದು ಒಂದು ತಿಂಗಳು

ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿಗೆ ತಾಪಮಾನ, ತೇವಾಂಶ ನೋಡುವ ಪೆಟ್ಟಿಗೆಗಳನ್ನು ಹಾಕಿಕೊಟ್ಟಿದ್ದೆವು. ಡಬ್ಬಿ, ಕಡ್ಡಿ ಎರಡೂ ಬಗೆಯ ಮೆಣಸಿನಕಾಯಿ ಚೀಲಗಳು ಅಲ್ಲಿ ತಿಂಗಳುಗಟ್ಟಲೆ ಇರುತ್ತವೆ. ಬಣ್ಣ ಮಾಸಿತೆಂದರೆ ಬ್ಯಾಡಗಿ ಕಾಯಿಗೆ ಸಿಗಬೇಕಾದ ಬೆಲೆ ಸಿಗುವುದಿಲ್ಲ. ಪೆಟ್ಟಿಗೆಯೊಳಗೆ ನಾಲ್ಕು ಕೋರಿನ 32 ಬಿಟ್ ಆರ್ಮ್ ಬೋರ್ಡು, ಅದರ ಮೇಲೆ ಲಿನಕ್ಸ್ 5.10. ಸೆನ್ಸರ್ ಕಾರ್ಡು ಯುಎಸ್‌ಬಿಯಲ್ಲಿ ಕೂತಿರುತ್ತದೆ. ಅದರ ಡ್ರೈವರನ್ನು, ಅಂದರೆ ಲಿನಕ್ಸ್ ಆ ಕಾರ್ಡಿನೊಡನೆ ಮಾತಾಡುವ ಕೋಡನ್ನು, ಹುಬ್ಬಳ್ಳಿ ವಿದ್ಯಾನಗರದ ನಮ್ಮ ಆಫೀಸಿನಲ್ಲಿ ನಾನೇ ಬರೆದಿದ್ದೆ.

ಫೆಬ್ರುವರಿಯ ಒಂದು ಮುಂಜಾನೆ ಅಲ್ಲಿನ ಮೇಲ್ವಿಚಾರಕರು ಫೋನ್ ಮಾಡಿದರು. "ಸರ, ಲೈಟ್ ಹೋಗಿ ಬಂತಂದ್ರ ಸಾಕ್ರಿ, ನಿಮ್ಮ ಪೆಟ್ಟಿಗಿ ನಿಂತಬಿಡತೈತಿ. ದಿನಾ ಅಲ್ರಿ, ಒಮ್ಮೊಮ್ಮೆ."

ಆ 'ಒಮ್ಮೊಮ್ಮೆ' ಕೇಳಿದಾಗಲೇ ನನಗೆ ಎದೆ ಝಲ್ ಎಂದಿತು. ಕರ್ನಲ್ಲಿನಲ್ಲಿ (ಲಿನಕ್ಸಿನ ತಿರುಳು, ಡ್ರೈವರ್ ಓಡುವುದೂ ಅದರೊಳಗೇ) ಯಾವಾಗಲೂ ಕೆಡುವುದನ್ನು ಹಿಡಿಯಬಹುದು, ಒಮ್ಮೊಮ್ಮೆ ಕೆಡುವುದು ಹೆಚ್ಚಾಗಿ ಸಮಯದ ಗಲಾಟೆ.

ಮೋಟೆಬೆನ್ನೂರಿನಲ್ಲಿ ಹೆದ್ದಾರಿ ಬಿಟ್ಟು ಬ್ಯಾಡಗಿ ಸೇರುವಷ್ಟರಲ್ಲಿ ಗಾಳಿಗೆಲ್ಲ ಮೆಣಸಿನ ಘಾಟು. ಬೋರ್ಡಿಗೆ ಬ್ಯಾಟರಿ ಇದೆ, ಕಾರ್ಡಿಗೆ ಇಲ್ಲ. ಕರೆಂಟ್ ಹೋದರೆ ಕಾರ್ಡು ಕಳಚಿಕೊಂಡಂತೆ, ಬಂದರೆ ಹೊಸದಾಗಿ ಸಿಕ್ಕಿಸಿದಂತೆ. ಸೀರಿಯಲ್ ಕನ್ಸೋಲಿಗೆ ಲ್ಯಾಪ್‌ಟಾಪ್ ಹಚ್ಚಿ, ಮೆಮೊರಿಯ ತಪ್ಪು ಹಿಡಿಯುವ ಸ್ಲಬ್ ಡೀಬಗ್ ಹಾಕಿ ಬೂಟ್ ಮಾಡಿ, ಮೇನ್ ಸ್ವಿಚ್ಚನ್ನು ತೆಗೆದು ಹಾಕುತ್ತ ಕೂತೆ. ಹದಿನೇಳನೇ ಸಲ ಊಪ್ಸ್ ಬಿತ್ತು, ಅಂದರೆ ಕರ್ನಲ್ ತಾನು ಎಡವಿದ ಜಾಗದ ವರದಿ ಉಗುಳಿತು. ಓದಲು ಹೋದ ವಿಳಾಸ: 6ಬಿ6ಬಿ6ಬಿ6ಬಿ.

ಈ ಅಂಕಿಯನ್ನು ಒಮ್ಮೆ ಕಂಡವರು ಮರೆಯುವುದಿಲ್ಲ. ಬಿಟ್ಟುಕೊಟ್ಟ ಮೆಮೊರಿಯ ಮೇಲೆ ಕರ್ನಲ್ ಬಳಿಯುವ ವಿಷದ ಗುರುತು ಅದು. ಅಂದರೆ ನನ್ನ ಕೋಡು ಕೆಫ್ರೀ ಮಾಡಿದ (ಮೆಮೊರಿ ಬಿಟ್ಟುಕೊಟ್ಟ) ಜಾಗಕ್ಕೆ ಮತ್ತೆ ಹೋಗಿ ಕೈ ಹಾಕಿದೆ. ಹೋದವರು ಯಾರೆಂದು ನೋಡಿದರೆ, ಟೈಮರ್ ಬಡಿದಾಗ ಓಡುವ ಫಂಕ್ಷನ್, ಅಂದರೆ ಟೈಮರಿನ ಕಾಲ್‌ಬ್ಯಾಕ್.

ಡ್ರೈವರಿನ ಕಟ್ಟೋಣ ಹೀಗಿತ್ತು. ಕಾರ್ಡಿಗೆ ಪ್ರಶ್ನೆ ಕಳಿಸಿದೊಡನೆ 500 ಮಿಲಿಸೆಕೆಂಡಿನ ಟೈಮರ್ ಹಚ್ಚುತ್ತಿದ್ದೆ. ಉತ್ತರ ಬರದೆ ಟೈಮರ್ ಬಡಿದರೆ ಕಾರ್ಡನ್ನು ರೀಸೆಟ್ ಮಾಡಬೇಕು. ಟೈಮರ್ ಕಾಲ್‌ಬ್ಯಾಕ್ ಓಡುವುದು ಇಂಟರಪ್ಟಿನ ಬೆನ್ನಿಗೆ ಅವಸರದ ಕೆಲಸ ನಡೆಯುವ ಸಾಫ್ಟ್‌ಐಆರ್‌ಕ್ಯೂನಲ್ಲಿ. ಅಲ್ಲಿ ನಿದ್ದೆ ಮಾಡುವ ಹಾಗಿಲ್ಲ, ಮ್ಯೂಟೆಕ್ಸ್ (ನಿದ್ದೆ ಮಾಡುತ್ತ ಕಾಯುವ ಬೀಗ) ಹಿಡಿಯುವ ಹಾಗಿಲ್ಲ. ಅದಕ್ಕೆ ರೀಸೆಟ್ಟಿನ ಕೆಲಸವನ್ನು, ನಿದ್ದೆ ಮಾಡಬಹುದಾದ ಕೆಲಸಗಳ ಸರದಿಯಾದ ವರ್ಕ್‌ಕ್ಯೂಗೆ ದಾಟಿಸಿದ್ದೆ. ಆ ವರ್ಕ್ ರೀಸೆಟ್ ಮುಗಿಸಿ ಮತ್ತೆ ಟೈಮರ್ ಹಚ್ಚುತ್ತಿತ್ತು. ಕಾರ್ಡು ಕಳಚಿದಾಗ ಕರೆಯುವ ಡಿಸ್ಕನೆಕ್ಟ್ ಫಂಕ್ಷನ್ನಿನಲ್ಲಿ ಎರಡೇ ಸಾಲು: ಡೆಲ್_ಟೈಮರ್, ಕೆಫ್ರೀ.

ತಪ್ಪು ಮೊದಲನೇ ಸಾಲಿನಲ್ಲೇ ಇತ್ತು. ಡೆಲ್_ಟೈಮರ್ ಮಾಡುವುದು ಸರದಿಯಲ್ಲಿ ನಿಂತ ಟೈಮರನ್ನು ಹೊರಗೆಳೆಯುವುದಷ್ಟೇ. ಬೇರೆ ಕೋರಿನಲ್ಲಿ ಕಾಲ್‌ಬ್ಯಾಕ್ ಆಗಲೇ ಓಡುತ್ತಿದ್ದರೆ ಅದು ಮುಗಿಯುವ ತನಕ ಕಾಯುವುದಿಲ್ಲ. ಕಾಯಬೇಕೆಂದರೆ ಡೆಲ್_ಟೈಮರ್_ಸಿಂಕ್ ಬೇಕು. 6.2ರಿಂದ ಇದಕ್ಕೆ ಟೈಮರ್_ಡಿಲೀಟ್_ಸಿಂಕ್ ಎಂಬ ಹೆಸರು ಬಂದಿದೆ.

ಸಿಂಕ್ ಹಾಕಿದೆ. ಈಗ ಊಪ್ಸ್ ಇಲ್ಲ, ಬೋರ್ಡೇ ಗಟ್ಟಿಯಾಗಿ ಹಿಡಿದುಕೊಂಡಿತು. ಈ ಹೊಸ ಸಾಲನ್ನು ಸ್ಪಿನ್‌ಲಾಕ್ (ಬಿಡುವ ತನಕ ಇತರರು ಸುತ್ತುತ್ತಲೇ ಕಾಯುವ ಬೀಗ) ಹಿಡಿದುಕೊಂಡು ಬರೆದಿದ್ದೆ. ಕಾಲ್‌ಬ್ಯಾಕೂ ಅದೇ ಲಾಕಿಗೆ ಕಾದಿತ್ತು. ಇದು ಅದು ಮುಗಿಯಲೆಂದು ನಿಂತಿದೆ, ಅದು ಇದು ಬಿಡಲೆಂದು ನಿಂತಿದೆ. ಇಂಥದನ್ನು ಕಣ್ಣಿನಿಂದ ಹುಡುಕುವುದು ಬೇಡ, ಲಾಕುಗಳ ತಪ್ಪು ಹಿಡಿಯುವ ಕರ್ನಲ್ಲಿನ ಸಾಧನ ಲಾಕ್‌ಡೆಪ್ ಹಾಕಿ ಓಡಿಸಿದರೆ ಯಾವ ಲಾಕು, ಯಾವ ಟೈಮರು ಎಂದು ಅದೇ ಹೇಳುತ್ತದೆ. ಡ್ರೈವರ್ ಬರೆಯುವ ದಿನವೇ ಹಾಕಬೇಕಿತ್ತು.

ಆಮೇಲೆ ಬಂದದ್ದು ನಿಜವಾದ ತೊಡಕು. ಟೈಮರ್ ವರ್ಕನ್ನು ಎಬ್ಬಿಸುತ್ತದೆ, ವರ್ಕ್ ಟೈಮರನ್ನು ಹಚ್ಚುತ್ತದೆ. ಮೊದಲು ಟೈಮರ್ ನಿಲ್ಲಿಸಿದರೆ ಓಡುತ್ತಿರುವ ವರ್ಕ್ ಮತ್ತೆ ಹಚ್ಚಬಹುದು. ಮೊದಲು ವರ್ಕ್ ರದ್ದು ಮಾಡಿದರೆ ಟೈಮರ್ ಇನ್ನೊಂದನ್ನು ಎಬ್ಬಿಸಬಹುದು. ಎರಡರಲ್ಲಿ ಯಾವುದನ್ನು ಮುಂದೆ ಇಟ್ಟರೂ ಕಿಂಡಿ ಉಳಿಯುತ್ತದೆ. ಎರಡು ದಿನ ಕಾಗದದ ಮೇಲೆ ಬಾಣ ಎಳೆದೆ. ಧಾರವಾಡದ ಗೆಳೆಯ ಸಂಜೆ ಬಂದವನು ಹಾಳೆ ನೋಡಿ, "ದೋಸ್ತ, ನೀ ಬರೇ ಅನುಕ್ರಮ ನೋಡಾಕತ್ತಿ. ಅಂಗಡಿ ಮುಚ್ಚೇತಿ ಅಂತ ಬೋರ್ಡ್ ಹಾಕಬೇಕಲ್ಲ ಮೊದಲ" ಎಂದ.

ಅದೇ ಸರಿಯಾಯಿತು. ರಚನೆಯಲ್ಲಿ 'ಹೊರಟಿದೆ' ಎಂಬ ಒಂದು ಫ್ಲ್ಯಾಗ್ ಇಟ್ಟೆ. ಡಿಸ್ಕನೆಕ್ಟ್ ಲಾಕ್ ಹಿಡಿದು ಅದನ್ನು ಏರಿಸಿ ಲಾಕ್ ಬಿಡುತ್ತದೆ. ಟೈಮರ್ ಹಚ್ಚುವ ಪ್ರತಿಯೊಂದು ಜಾಗವೂ ಅದೇ ಲಾಕಿನೊಳಗೆ ಫ್ಲ್ಯಾಗ್ ನೋಡಿಯೇ ಹಚ್ಚಬೇಕು. ನಂತರ ಯುಎಸ್‌ಬಿ_ಪಾಯ್ಸನ್_ಯುಆರ್‌ಬಿ (ಯುಆರ್‌ಬಿ ಎಂದರೆ ಯುಎಸ್‌ಬಿ ಕೋರಿಕೆ; ಇದು ಅದನ್ನು ನಿಲ್ಲಿಸಿ ಮತ್ತೆ ಕಳಿಸದಂತೆ ಮಾಡುತ್ತದೆ), ಡೆಲ್_ಟೈಮರ್_ಸಿಂಕ್, ಕ್ಯಾನ್ಸಲ್_ವರ್ಕ್_ಸಿಂಕ್, ಎಲ್ಲಕ್ಕೂ ಕೊನೆಗೆ ಕೆಫ್ರೀ. ಹೊಸ ಕರ್ನಲ್ ಇರುವವರಿಗೆ ಇಷ್ಟು ಪಾಡಿಲ್ಲ. 6.2ರಲ್ಲಿ, ಕರ್ನಲ್ಲಿನ ಟೈಮರ್ ಭಾಗ ನೋಡಿಕೊಳ್ಳುವ ಥಾಮಸ್ ಗ್ಲೈಕ್ಸ್‌ನರ್ ಅವರ ಕೆಲಸದಿಂದ ಟೈಮರ್_ಶಟ್‌ಡೌನ್_ಸಿಂಕ್ ಬಂತು. ಅದು ಕಾಲ್‌ಬ್ಯಾಕ್ ಮುಗಿಯುವ ತನಕ ಕಾಯುವುದಷ್ಟೇ ಅಲ್ಲ, ಟೈಮರಿನೊಳಗಿನ ಫಂಕ್ಷನ್ ಪಾಯಿಂಟರನ್ನೇ, ಅಂದರೆ ಓಡಿಸಬೇಕಾದ ಫಂಕ್ಷನ್ನಿನ ವಿಳಾಸವನ್ನೇ, ಖಾಲಿ ಮಾಡುತ್ತದೆ. ಆಮೇಲೆ ಯಾರು ಹಚ್ಚಲು ಬಂದರೂ ಕರ್ನಲ್ ಸುಮ್ಮನೆ ಕಡೆಗಣಿಸುತ್ತದೆ. ಕಿತ್ತುಹಾಕುವ ದಾರಿಯಲ್ಲಿ ಇದನ್ನು ಬಿಟ್ಟು ಬೇರೆ ಬಳಸಲು ನನಗೆ ಕಾರಣ ಕಾಣುವುದಿಲ್ಲ.

ಪರೀಕ್ಷೆಗೆ ಸ್ವಿಚ್ಚು ಸಾಲದು. ಕಾರ್ಡನ್ನು 64 ಬಿಟ್ ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಬಿಟ್ಟುಕೊಟ್ಟ ಮೆಮೊರಿ ಮುಟ್ಟಿದರೆ ಹಿಡಿಯುವ ಕಸಾನ್ (KASAN) ಮತ್ತು ಟೈಮರುಗಳ ತಪ್ಪು ಬಳಕೆ ಹಿಡಿಯುವ ಡೀಬಗ್ ಆಬ್ಜೆಕ್ಟ್ಸ್ ಎರಡನ್ನೂ ಹಾಕಿದ ಕರ್ನಲ್ ಕಟ್ಟಿದೆ. ಕಾಲ್‌ಬ್ಯಾಕಿನೊಳಗೆ ಬೇಕೆಂದೇ 50 ಮಿಲಿಸೆಕೆಂಡಿನ ಎಂಡಿಲೇ (ನಿದ್ದೆಯಿಲ್ಲದ ಕಾಯುವಿಕೆ) ಇಟ್ಟು ಕಿಂಡಿ ಅಗಲ ಮಾಡಿದೆ. ಸಿಸ್‌ಎಫ್‌ಎಸ್ ಮೂಲಕ ಅನ್‌ಬೈಂಡ್, ಬೈಂಡ್ ಮಾಡುವ, ಅಂದರೆ ಕಾರ್ಡಿನಿಂದ ಡ್ರೈವರನ್ನು ಬಿಡಿಸಿ ಮತ್ತೆ ಹಚ್ಚುವ ಸಣ್ಣ ಸ್ಕ್ರಿಪ್ಟನ್ನು ರಾತ್ರಿಯಿಡೀ ಬಿಟ್ಟೆ. ಹಳೆಯ ಡ್ರೈವರ್ ಎರಡು ನಿಮಿಷ ಬಾಳಲಿಲ್ಲ. ಹೊಸದು ಬೆಳಗಿನ ತನಕ ಓಡಿತು.

ಆ ದಿನಗಳಲ್ಲೇ ಇನ್ನೊಂದು ಸಣ್ಣ ಹುಳುಕು ಸಿಕ್ಕಿತು. ಗಡುವು ಮೀರಿತೇ ಎಂದು ನೋಡಲು ಜಿಫೀಸನ್ನು (ಕರ್ನಲ್ಲಿನ ಗಡಿಯಾರದ ಟಿಕ್ ಎಣಿಕೆ) ನೇರವಾಗಿ ದೊಡ್ಡದು-ಚಿಕ್ಕದು ಎಂದು ಹೋಲಿಸಿದ್ದೆ. 32 ಬಿಟ್ಟಿನಲ್ಲಿ ಈ ಎಣಿಕೆ ತುಂಬಿ ಸೊನ್ನೆಗೆ ಮರಳುತ್ತದೆ. ಹೆಚ್‌ಝಡ್ (ಸೆಕೆಂಡಿಗೆ ಎಷ್ಟು ಟಿಕ್ ಎಂಬುದು) 1000 ಇದ್ದರೆ ಸುಮಾರು 49.7 ದಿನಕ್ಕೊಮ್ಮೆ. ಇಂಥ ತಪ್ಪು ಬೇಗ ಬಯಲಾಗಲೆಂದೇ ಬೂಟ್ ಆದ ಐದು ನಿಮಿಷಕ್ಕೆ ಮೊದಲ ಸಲ ತುಂಬುವಂತೆ ಕರ್ನಲ್ ಎಣಿಕೆ ಶುರು ಮಾಡುತ್ತದೆ. ತುಂಬಿ ಮರಳಿದರೂ ಸರಿಯಾಗಿ ಹೋಲಿಸುವ ಟೈಮ್_ಆಫ್ಟರ್ ಬಳಸಿದರೆ ಮುಗಿಯಿತು.

ಏಪ್ರಿಲ್‌ನಲ್ಲಿ ಮತ್ತೊಂದು ಊಪ್ಸ್. ಈ ಸಲ ಟೈಮರ್ ಅಲ್ಲ, ಟೈಮ್‌ಔಟ್. ಎಚ್ಚರಿಕೆಯ ಮಿತಿಯನ್ನು ಕಾರ್ಡಿಗೆ ಬರೆಯುವ ಫಂಕ್ಷನ್ನಿನಲ್ಲಿ ಕಂಪ್ಲೀಷನ್ನನ್ನು (ಕೆಲಸ ಮುಗಿಯಿತೆಂದು ಕಾಯುವವರಿಗೆ ತಿಳಿಸುವ ಗುರುತು) ಸ್ಟ್ಯಾಕಿನ (ಫಂಕ್ಷನ್ ಮುಗಿದೊಡನೆ ಬೇರೆಯವರ ಪಾಲಾಗುವ ಮೆಮೊರಿ) ಮೇಲೆ ಇಟ್ಟು, ವೇಟ್_ಫಾರ್_ಕಂಪ್ಲೀಷನ್_ಟೈಮ್‌ಔಟ್ 200 ಮಿಲಿಸೆಕೆಂಡ್ ಕಾಯುತ್ತಿತ್ತು. ಸೊನ್ನೆ ಬಂದರೆ ಟೈಮ್‌ಔಟ್ ಎಂದು ಹಿಂತಿರುಗುತ್ತಿತ್ತು. ಕಾಯುವುದನ್ನು ಬಿಟ್ಟವರು ನಾವು, ಕಾರ್ಡು ಉತ್ತರ ಕೊಡುವುದನ್ನು ಬಿಟ್ಟಿರಲಿಲ್ಲ. 230ನೇ ಮಿಲಿಸೆಕೆಂಡಿಗೆ ಅದು ಬಂದಾಗ ಆ ಸ್ಟ್ಯಾಕಿನಲ್ಲಿ ಬೇರೆ ಯಾರೋ ಕೂತಿದ್ದರು. 'ಮುಗಿಯಿತು' ಎನ್ನುವ ನನ್ನ ಕಂಪ್ಲೀಟ್ ಕರೆ ಅವರ ಡೇಟಾ ಮೇಲೆ ಬರೆಯಿತು.

ಇಂಥ ಕಾಯುವಿಕೆಯನ್ನೇ ಮಾಡುವ ಕರ್ನಲ್ಲಿನ ಯುಎಸ್‌ಬಿ_ಸ್ಟಾರ್ಟ್_ವೇಟ್_ಯುಆರ್‌ಬಿ ತೆಗೆದು ಓದಿದೆ. ಚಿಕ್ಕ ಫಂಕ್ಷನ್, ಎಲ್ಲ ಡ್ರೈವರ್ ಬರೆಯುವವರೂ ಒಮ್ಮೆ ಓದಲಿ ಎಂದು ನನ್ನ ಆಸೆ. ಅಲ್ಲೂ ಕಂಪ್ಲೀಷನ್ ಸ್ಟ್ಯಾಕಿನ ಮೇಲೆಯೇ ಇದೆ. ಆದರೆ ಟೈಮ್‌ಔಟ್ ಆದೊಡನೆ ಯುಎಸ್‌ಬಿ_ಕಿಲ್_ಯುಆರ್‌ಬಿ ಕರೆದು, ಆ ಕೋರಿಕೆ ಪೂರ್ತಿ ಸತ್ತ ಮೇಲೆಯೇ ಹಿಂತಿರುಗುತ್ತದೆ. ಇನ್ನೊಂದು ಸೂಕ್ಷ್ಮವೂ ಇದೆ. ಕಿಲ್ ಮಾಡಿದ ಮೇಲೆ ಸ್ಥಿತಿ ನೋಡುತ್ತದೆ. ನಾವು ಕೊಂದದ್ದಾಗಿದ್ದರೆ ಮಾತ್ರ ಟೈಮ್‌ಔಟ್ ಎನ್ನುತ್ತದೆ. ಗಡುವು ಮುಗಿದದ್ದಕ್ಕೂ ಕಿಲ್‌ಗೂ ನಡುವಿನ ಸಂದಿಯಲ್ಲಿ ಉತ್ತರ ಬಂದುಬಿಟ್ಟಿದ್ದರೆ ಅದನ್ನೇ ಕೊಡುತ್ತದೆ. ನನ್ನ ಫಂಕ್ಷನ್ನನ್ನು ಹಾಗೆಯೇ ತಿರುಗಿ ಬರೆದು, ಸಂದಿಯಲ್ಲಿ ಸಿಕ್ಕ ಉತ್ತರಗಳಿಗೆ ಲಾಗಿನಲ್ಲಿ ಗುರುತು ಹಾಕಿದೆ. ಬ್ಯಾಡಗಿಯ ಪೆಟ್ಟಿಗೆಗಳಲ್ಲಿ ವಾರಕ್ಕೆ ಒಂದೆರಡು ಸಲ ಆ ಗುರುತು ಕಾಣುತ್ತದೆ. ಮೊದಲು ಇವೇ ತಾಸುಗಟ್ಟಲೆ ಪೆಟ್ಟಿಗೆಯನ್ನು ಕೆಡವಿದ್ದವು.