ಶೆಡ್ಡಿನಲ್ಲಿ ಮಲಗಿರುವ ಕವಾಸಾಕಿ ಜೆಎಸ್440: ಸ್ಟಾರ್ಟ್ ಮಾಡುವ ಮೊದಲು

1977ರಿಂದ 1992ರವರೆಗೆ ಬಂದ, ನೀರಿನ ಮೇಲೆ ನಿಂತು ಓಡಿಸುವ ಜೆಟ್ ಸ್ಕೀ ಇದು. 436 ಸಿಸಿ, ಎರಡು ಸಿಲಿಂಡರ್, ಟೂ-ಸ್ಟ್ರೋಕ್. ವರ್ಷಗಟ್ಟಲೆ ನಿಂತ ಗಾಡಿಗೆ ಬ್ಯಾಟರಿ ಹಾಕಿ ನೇರ ಸ್ಟಾರ್ಟರ್ ಒತ್ತಬೇಡಿ.

ಮೊದಲು ಹುಡ್ ತೆಗೆದು ಒಳಗಿನ ಪೆಟ್ರೋಲ್ ಆವಿ ಹೋಗಲು ಬಿಡಿ. ಎರಡೂ ಪ್ಲಗ್ ಬಿಚ್ಚಿ, ಪ್ರತಿ ರಂಧ್ರಕ್ಕೂ ಒಂದು ಚಮಚ ಟೂ-ಸ್ಟ್ರೋಕ್ ಆಯಿಲ್ ಬಿಟ್ಟು ಒಂದು ರಾತ್ರಿ ಹಾಗೇ ಇರಲಿ. ಮರುದಿನ ಡ್ರೈವ್ ಶಾಫ್ಟಿನ ಕಪ್ಲಿಂಗ್ ಹಿಡಿದು ಕೈಯಿಂದಲೇ ತಿರುಗಿಸಿ. ಬಿಗಿಯಾಗಿದ್ದರೆ ಬಲ ಹಾಕಬೇಡಿ, ಇನ್ನಷ್ಟು ಆಯಿಲ್ ಬಿಟ್ಟು ಕಾಯಿರಿ. ಸಲೀಸಾಗಿ ತಿರುಗಿದ ಮೇಲೆ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ ನೋಡಿ. ಎರಡು ಸಿಲಿಂಡರುಗಳ ನಡುವೆ ಶೇ 10ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಹೆಡ್ ಬಿಚ್ಚದೆ ಮುಂದಕ್ಕೆ ಹೋಗುವುದರಲ್ಲಿ ಅರ್ಥವಿಲ್ಲ.

ಈ ಎಂಜಿನ್ನುಗಳನ್ನು ಹೆಚ್ಚಾಗಿ ಕೊಲ್ಲುವುದು ಕಾರ್ಬೊರೇಟರ್. ಇದರ ಕಾರ್ಬೊರೇಟರಿನಲ್ಲಿ ಬೈಕಿನಂತೆ ಫ್ಲೋಟ್ ಇಲ್ಲ, ಡಯಾಫ್ರಮ್ ಎಂಬ ತೆಳು ಪರದೆ ಇದೆ. ಪೆಟ್ರೋಲ್ ಪಂಪೂ ಅದರೊಳಗೇ. ಕ್ರ್ಯಾಂಕ್‌ಕೇಸಿನಿಂದ ಬರುವ ಸಣ್ಣ ಪಲ್ಸ್ ಹೋಸಿನ ಒತ್ತಡದಿಂದ ಅದು ಬಡಿಯುತ್ತದೆ. ಹಳೆಯ ಡಯಾಫ್ರಮ್ಮನ್ನು ಬೆರಳಲ್ಲಿ ಮಡಿಸಿ ನೋಡಿ: ಒಣಗಿದ ಎಲೆಯಂತೆ ಗರಗರ ಎಂದರೆ ಮುಗಿಯಿತು ಅದರ ಕಥೆ. ಕಾರ್ಬೊರೇಟರಿನ ಪೂರ್ತಿ ರಿಪೇರಿ ಕಿಟ್ ಹಾಕಿ. ಪಲ್ಸ್ ಹೋಸ್, ಪೆಟ್ರೋಲ್ ಹೋಸ್ ಎಲ್ಲವನ್ನೂ ಬದಲಿಸಿ. ಗಾಳಿ-ಪೆಟ್ರೋಲ್ ಪ್ರಮಾಣ ಹೊಂದಿಸುವ ಮಿಕ್ಸ್ಚರ್ ಸ್ಕ್ರೂ ತೆಗೆಯುವ ಮುನ್ನ ಅದನ್ನು ಒಳಕ್ಕೆ ಮೆಲ್ಲಗೆ ತಿರುಗಿಸಿ, ಎಷ್ಟು ಸುತ್ತು ತಿರುಗಿದ ಮೇಲೆ ಕೂರುತ್ತದೆ ಎಂದು ಬರೆದಿಡಿ.

ಆಯಿಲ್ ಪಂಪ್ ಇಲ್ಲ, ಪೆಟ್ರೋಲಿಗೇ ಬೆರೆಸಬೇಕು. ಹಳೆಯ ಯೆಜ್ದಿ ಬೈಕ್ ಓಡಿಸಿದವರಿಗೆ ಇದು ಹೊಸದಲ್ಲ. ಅಳತೆ 50:1, ಅಂದರೆ 5 ಲೀಟರಿಗೆ 100 ಮಿಲಿ. ಹೊಸ ಪಿಸ್ಟನ್ ಹಾಕಿದ್ದರೆ ಮೊದಲ ಟ್ಯಾಂಕಿನಲ್ಲಿ 5 ಲೀಟರಿಗೆ 200 ಮಿಲಿ. ಬೈಕಿನ ಆಯಿಲ್ ಬೇಡ, ದೋಣಿ ಎಂಜಿನ್ನಿನ ಟಿಸಿ-ಡಬ್ಲ್ಯೂ3 ತನ್ನಿ.

ನೆಲದ ಮೇಲೆ ಸ್ಟಾರ್ಟ್ ಮಾಡುವಾಗ ಜೆಟ್ ಪಂಪಿನಿಂದ (ನೀರನ್ನು ಹಿಂದಕ್ಕೆ ಚಿಮ್ಮಿಸಿ ಗಾಡಿಯನ್ನು ಮುಂದೆ ತಳ್ಳುವ ಪಂಪ್) ಬರುವ ಕೂಲಿಂಗ್ ಹೋಸನ್ನು ಎಂಜಿನ್ ಕಡೆ ಬಿಚ್ಚಿ, ಅಲ್ಲಿಗೆ ನಲ್ಲಿಯ ಪೈಪ್ ಸಿಕ್ಕಿಸಿ. ಇಲ್ಲಿ ಕ್ರಮವೇ ಮುಖ್ಯ: ಮೊದಲು ಎಂಜಿನ್, ತಕ್ಷಣ ನೀರು. ನಿಲ್ಲಿಸುವಾಗ ಮೊದಲು ನೀರು ಬಂದ್, ಒಂದೆರಡು ಸಲ ಆಕ್ಸಿಲರೇಟರ್ ಕೊಟ್ಟು ಎಕ್ಸಾಸ್ಟಿನಲ್ಲಿ ಉಳಿದ ನೀರನ್ನು ಹೊರಗೆ ಉಗುಳಿಸಿ, ಆಮೇಲೆ ಎಂಜಿನ್ ಬಂದ್. ತಿರುಗುಮುರುಗಾದರೆ ಹೊರಗೆ ತಳ್ಳುವ ಹೊಗೆಯಿಲ್ಲದೆ ನೀರು ಎಕ್ಸಾಸ್ಟ್ ದಾರಿಯಲ್ಲಿ ಹಿಂದಕ್ಕೆ ಬಂದು ಸಿಲಿಂಡರ್ ಸೇರುತ್ತದೆ. ನೀರಿಲ್ಲದೆ 15 ಸೆಕೆಂಡಿಗಿಂತ ಹೆಚ್ಚು ಓಡಿಸಬೇಡಿ.

ಆಕ್ಸಿಲರೇಟರ್ ಬಿಟ್ಟ ಮೇಲೂ ಆರ್‌ಪಿಎಂ ಇಳಿಯದಿದ್ದರೆ ಸುಮ್ಮನೆ ಐಡಲ್ ಸ್ಕ್ರೂ ತಿರುಗಿಸಬೇಡಿ. ಎಲ್ಲೋ ಗಾಳಿ ಸೋರುತ್ತಿದೆ. ಮೊದಲು ಕಾರ್ಬೊರೇಟರಿನ ಗ್ಯಾಸ್ಕೆಟ್, ಆಮೇಲೆ ಕ್ರ್ಯಾಂಕ್ ಸೀಲ್ ನೋಡಿ. ಪ್ಲಗ್ಗಿನ ತುದಿ ಬೆಳ್ಳಗಿದ್ದರೆ ಅನುಮಾನವೇ ಬೇಡ. ಹೀಗೇ ಫುಲ್ ಥ್ರಾಟಲ್ ಕೊಟ್ಟರೆ ಪಿಸ್ಟನ್ ಕರಗುತ್ತದೆ.

ಜೆಟ್ ಪಂಪಿಗೆ ಕಸ ಸಿಕ್ಕಿದೆಯೇ ಎಂದು ನೋಡಲು ಮಗುಚಬೇಕಾದರೆ ಯಾವಾಗಲೂ ಎಡಕ್ಕೆ ಮಲಗಿಸಿ. ಬಲಕ್ಕೆ ಮಲಗಿಸಿದರೆ ಎಕ್ಸಾಸ್ಟಿನ ನೀರು ಎಂಜಿನ್ನಿಗೆ ಇಳಿಯುತ್ತದೆ.