ಕುರ್ದರ ಮೂಲ ಯಾವುದು? ಒಂದು ಪ್ಯಾರಾ ಬರೆಯಲು ನಾನು ಪಟ್ಟ ಪಾಡು

ಪತ್ರಿಕೆಯವರು ಕುರ್ದರ ಬಗ್ಗೆ ಒಂದು ಲೇಖನ ಕೇಳಿದ್ದರು. ಇವತ್ತಿನ ಕಥೆ ಬರೆಯುವುದು ಕಷ್ಟವಾಗಲಿಲ್ಲ. ಟರ್ಕಿ, ಇರಾನ್, ಇರಾಕ್, ಸಿರಿಯಾದಲ್ಲಿ ಹಂಚಿಹೋದ ಜನ, ಸ್ವಂತ ದೇಶವಿಲ್ಲ. ತಲೆ ತಿಂದಿದ್ದು ಒಂದೇ ಪ್ಯಾರಾ. ಇವರು ಮೂಲತಃ ಯಾರು? ಒಬ್ಬರು ಪ್ರಾಚೀನ ಇರಾನಿನ ಮೀಡರ ವಂಶ ಅಂತಾರೆ, ಇನ್ನೊಬ್ಬರು ಕಾರ್ಡೂಕರು ಅಂತಾರೆ, ಮತ್ತೊಬ್ಬರು ಸೀದಾ ಇರಾಕಿನ ಪುರಾತನ ಸುಮೇರಿನ ಕಾಲಕ್ಕೇ ಹೋಗುತ್ತಾರೆ. ಅನುಮಾನ ಮಾತ್ರ ಯಾರಿಗೂ ಇಲ್ಲ.

ಹಾಗಾಗಿ ಒಂದೊಂದು ವಾದಕ್ಕೂ ಒಂದೊಂದು ಹಾಳೆ ಇಟ್ಟೆ. ಇದನ್ನು ಮೊದಲು ಹೇಳಿದವರು ಯಾರು, ಯಾವ ವರ್ಷ? ಒಪ್ಪದವರು ಯಾರು? ಎಲ್ಲಕ್ಕಿಂತ ಮುಖ್ಯವಾಗಿ, ಕೊಡುತ್ತಿರುವ ಸಾಕ್ಷಿ ಹೆಸರಿನದೋ, ಜಾಗದ್ದೋ, ಭಾಷೆಯದೋ? ಈ ಕೊನೇ ಪ್ರಶ್ನೆಯೇ ನನ್ನನ್ನು ಉಳಿಸಿತು. ಜಗಳ ಆಡುವವರಲ್ಲಿ ಒಬ್ಬರು ಹೆಸರು ಹಿಡಿದುಕೊಂಡಿರುತ್ತಾರೆ, ಇನ್ನೊಬ್ಬರು ಭಾಷೆ ಹಿಡಿದುಕೊಂಡಿರುತ್ತಾರೆ. ಮುಗಿಯುವುದು ಹೇಗೆ?

ಮೊದಲ ಹಾಳೆ ಕಾರ್ಡೂಕರದು. ಇಲ್ಲಿ ನೇರ ಮೂಲವೇ ಇದೆ. ಕ್ರಿ.ಪೂ. 401ರಲ್ಲಿ ಗ್ರೀಕ್ ಕೂಲಿ ಸೈನಿಕರು ಪರ್ಷಿಯಾದಿಂದ ವಾಪಸ್ ಹೋಗುವಾಗ ಈ ಗುಡ್ಡಗಾಡು ಜನರ ಕೈಗೆ ಸಿಕ್ಕಿಹಾಕಿಕೊಂಡರು. ಜೊತೆಗಿದ್ದ ಕ್ಸೆನೋಫೋನ್ ಎಲ್ಲವನ್ನೂ ಬರೆದಿಟ್ಟಿದ್ದಾನೆ. ಬೇರೆಯವರು ಎತ್ತಿಕೊಟ್ಟ ಸಾಲು ಬಿಟ್ಟು ಆ ಭಾಗವನ್ನು ಪೂರ್ತಿ ಓದಿದೆ. ಕಾರ್ಡೂಕರ ಬಿಲ್ಲು ಹತ್ತಿರಹತ್ತಿರ ಮೂರು ಮೊಳ, ಬಾಣ ಎರಡು ಮೊಳಕ್ಕೂ ಜಾಸ್ತಿ. ಎಡಗಾಲನ್ನು ಬಿಲ್ಲಿನ ಕೆಳತುದಿಗೆ ಒತ್ತಿ ಹೆದೆ ಎಳೆಯುತ್ತಿದ್ದರಂತೆ. ಬಾಣ ಗುರಾಣಿಯನ್ನೂ ಎದೆಗವಚವನ್ನೂ ತೂರಿಹೋಗುತ್ತಿತ್ತು. ಗ್ರೀಕರು ಅದೇ ಬಾಣಗಳನ್ನು ಹೆಕ್ಕಿ, ತೊಗಲಿನ ಪಟ್ಟಿ ಕಟ್ಟಿ, ಈಟಿಯ ಹಾಗೆ ಎಸೆದರು. ಏಳು ದಿನ ಆ ನಾಡು ದಾಟುವಷ್ಟರಲ್ಲಿ ಪಟ್ಟ ಪಾಡು, ಪರ್ಷಿಯಾದ ದೊರೆ ಕೊಟ್ಟ ಕಾಟಕ್ಕಿಂತ ಜಾಸ್ತಿ ಎಂದು ಬರೆಯುತ್ತಾನೆ.

ಓದಲು ಮಜವಾಗಿದೆ, ಅಲ್ವಾ? ಆ ಜಾಗ ಟೈಗ್ರಿಸ್ ನದಿಯ ಮೇಲ್ಭಾಗದ ಬೆಟ್ಟಸಾಲು, ಈಗಿನ ಟರ್ಕಿಯ ಆಗ್ನೇಯ ಮೂಲೆ. ಇವತ್ತೂ ಅಲ್ಲಿರುವವರು ಬಹುಪಾಲು ಕುರ್ದರೇ. ಆದರೆ 1898ರಲ್ಲಿ ಜರ್ಮನ್ ವಿದ್ವಾಂಸ ಥಿಯೋಡೋರ್ ನೋಲ್ಡೆಕೆ, ಕಾರ್ಡೂ ಮತ್ತು ಕುರ್ದ್ ಎರಡೂ ಒಂದೇ ಬೇರಿನಿಂದ ಬಂದ ಹೆಸರುಗಳಲ್ಲ ಎಂದು ವಾದಿಸಿದ. ಬಹಳ ಜನ ಅದನ್ನು ಒಪ್ಪಿದರು. ನನ್ನ ಹಾಳೆಯಲ್ಲಿ 'ಜಾಗ: ಹೌದು, ಹೆಸರು: ಅನುಮಾನ' ಎಂದು ಬರೆದುಕೊಂಡೆ.

ಹೆಸರಿಗೆ ಹೆಚ್ಚು ಹೊಂದುವವರು ಕಿರ್ಟಿಯರು ಎಂಬ ಇನ್ನೊಂದು ಹಳೇ ಜನ. ಪ್ರಾಚೀನ ಇತಿಹಾಸಕಾರರಾದ ಪಾಲಿಬಿಯಸ್, ಲಿವಿ ಇಬ್ಬರೂ ಇವರನ್ನು ಕವಣೆ ಬೀಸುವ ಸೈನಿಕರು ಎಂದು ಹೆಸರಿಸುತ್ತಾರೆ. ಸೆಲ್ಯೂಸಿಡ್ ದೊರೆ ಮೂರನೇ ಆಂಟಿಯೋಕಸ್ ರೋಮನ್ನರ ಎದುರು ಮೆಗ್ನೀಸಿಯಾದಲ್ಲಿ ಸೋತಾಗ ಅವನ ಪಡೆಯಲ್ಲಿ ಇವರಿದ್ದರು. ಗ್ರೀಕ್ ಭೂಗೋಳಕಾರ ಸ್ಟ್ರಾಬೋ ಇವರನ್ನು ಮೀಡರ ನಾಡಿನಲ್ಲೂ ಇರಾನಿನ ದಕ್ಷಿಣದ ಪರ್ಸಿಸ್‌ನಲ್ಲೂ ಇಡುತ್ತಾನೆ. ಅಂದರೆ ಇಲ್ಲಿ ಹೆಸರು ಹತ್ತಿರ, ಜಾಗ ದೂರ.

ಸರಿ, ಮೀಡರು. ಇದೇ ದೊಡ್ಡ ಹಾಳೆ. ರಷ್ಯನ್ ವಿದ್ವಾಂಸ ವ್ಲಾದಿಮಿರ್ ಮಿನೋರ್ಸ್ಕಿ 1938ರಲ್ಲಿ ಬ್ರಸೆಲ್ಸ್‌ನಲ್ಲಿ ಈ ವಾದ ಮಂಡಿಸಿದ. ಇಷ್ಟು ದೂರ ಹರಡಿದ ಕುರ್ದಿಶ್ ಒಳನುಡಿಗಳು ಇಷ್ಟು ಹೋಲಬೇಕಾದರೆ ಹಿಂದೆ ಒಂದು ಗಟ್ಟಿ ಬುಡ ಇರಲೇಬೇಕು, ಅದು ಮೀಡರದೇ ಎಂದ. 1961ರಲ್ಲಿ ಭಾಷಾ ವಿದ್ವಾಂಸ ಡಿ.ಎನ್. ಮೆಕೆಂಜಿ ಇದನ್ನು ಒಪ್ಪಲಿಲ್ಲ. ಅವನ ಪ್ರಕಾರ ಕುರ್ದಿಶ್‌ಗೆ ಪರ್ಷಿಯನ್ ಜೊತೆಗಿನ ನಂಟೇ ಜಾಸ್ತಿ.

ಯಾರ ಮಾತು ನಂಬೋದು? ನಿಘಂಟು ಹಿಡಿದು ನಾನೇ ಒಂದು ಚಿಕ್ಕ ಪಟ್ಟಿ ಮಾಡಿದೆ. 'ತಿಳಿ' ಅನ್ನುವುದಕ್ಕೆ ಕುರ್ದಿಶ್‌ನಲ್ಲಿ 'ಝಾನ್', ಪರ್ಷಿಯನ್‌ನಲ್ಲಿ 'ದಾನ್'. ಇಲ್ಲಿ ಕುರ್ದಿಶ್ ವಾಯವ್ಯ ಇರಾನಿ ಭಾಷೆಗಳ ಕಡೆ, ಮೀಡರ ಭಾಷೆಯನ್ನೂ ಸೇರಿಸುವುದು ಇದೇ ಗುಂಪಿಗೆ. 'ಮೂರು' ಅನ್ನುವುದಕ್ಕೆ ಕುರ್ದಿಶ್‌ನಲ್ಲೂ ಪರ್ಷಿಯನ್‌ನಲ್ಲೂ 'ಸೇ', ಪೂರ್ವ ಟರ್ಕಿಯ ಝಾಝಾಕಿ ಭಾಷೆಯಲ್ಲಿ ಮಾತ್ರ 'ಹಿರೇ'. ಇಲ್ಲಿ ಕುರ್ದಿಶ್ ಪರ್ಷಿಯನ್ ಕಡೆ. (ಝಾಝಾಕಿ ಕುರ್ದಿಶ್‌ನ ಒಳಗೋ ಹೊರಗೋ ಅನ್ನುವುದೇ ಇನ್ನೊಂದು ಜಗಳ. ಆ ಭಾಷೆ ಆಡುವವರಲ್ಲಿ ಎಷ್ಟೋ ಜನ ತಾವು ಕುರ್ದರೇ ಅನ್ನುತ್ತಾರೆ.) ಇಷ್ಟಾದ ಮೇಲೂ ಒಂದು ತೊಡಕಿದೆ. ಮೀಡರ ಭಾಷೆಯ ಒಂದು ಶಾಸನವೂ ಸಿಕ್ಕಿಲ್ಲ. ಪರ್ಷಿಯನ್, ಗ್ರೀಕ್ ಬರಹಗಳಲ್ಲಿ ಸೇರಿಕೊಂಡ ಅಷ್ಟಿಷ್ಟು ಪದಗಳಷ್ಟೇ ಗತಿ. ತಾಯಿಯ ಮುಖವನ್ನೇ ನೋಡದೆ ಮಗು ಅಮ್ಮನ ಹಾಗೇ ಇದೆ ಅಂದರೆ ಹೇಗೆ?

ದಂತಕಥೆಗಳನ್ನು ಬೇರೆ ಹಾಳೆಗೆ ಹಾಕಿದೆ. ಪರ್ಷಿಯನ್ ಮಹಾಕಾವ್ಯ ಶಾಹ್‌ನಾಮೆಯಲ್ಲಿ ಝಹ್ಹಾಕ್ ದೊರೆಯ ಹಾವುಗಳಿಗೆ ದಿನಾ ಇಬ್ಬರು ಯುವಕರ ಮಿದುಳು ಬೇಕು. ಅಡುಗೆಯವರು ಒಬ್ಬನನ್ನು ಉಳಿಸಿ, ಕುರಿಯ ಮಿದುಳು ಬೆರೆಸಿ ಬಡಿಸುತ್ತಾರೆ. ಹಾಗೆ ಬೆಟ್ಟಕ್ಕೆ ಓಡಿಹೋಗಿ ಬದುಕಿದವರೇ ಕುರ್ದರಂತೆ. ಹತ್ತನೇ ಶತಮಾನದ ಅರಬ್ ಇತಿಹಾಸಕಾರ ಅಲ್ ಮಸೂದಿ ಕುರ್ದರು ಅರಬ್ಬರ ಕುಲದವರು ಎಂಬ ಮಾತನ್ನೂ ದಾಖಲಿಸಿದ್ದಾನೆ.

ನನ್ನ ಬರವಣಿಗೆಯ ದಿಕ್ಕು ಬದಲಿಸಿದ್ದು ಅದೇ ಶತಮಾನದ ಇತಿಹಾಸಕಾರ ಹಂಝಾ ಅಲ್ ಇಸ್ಫಹಾನಿಯ ಒಂದು ಮಾತು. ಪರ್ಷಿಯನ್ನರು ಕ್ಯಾಸ್ಪಿಯನ್ ಸಮುದ್ರದ ದಕ್ಷಿಣದ ಬೆಟ್ಟದ ಜನರಾದ ದೈಲಮಿಗಳನ್ನು (ಅದೇ ಕಡೆಯ) ತಬರಿಸ್ತಾನದ ಕುರ್ದರು ಎಂದೂ ಅರಬ್ಬರನ್ನು ಸೂರಿಸ್ತಾನದ (ಈಗಿನ ಇರಾಕಿನ ಕಡೆಯ) ಕುರ್ದರು ಎಂದೂ ಕರೆಯುತ್ತಿದ್ದರು ಅನ್ನುತ್ತಾನೆ. ಅಂದರೆ ಕುರಿ ಕಾಯುತ್ತ ಗುಡಾರದಲ್ಲಿ ಬದುಕುವವರನ್ನೆಲ್ಲ ಹಾಗೆ ಕರೆಯುವ ರೂಢಿ ಇತ್ತು. 1597ರಲ್ಲಿ ಶರಫ್ ಖಾನ್ ಬಿದ್ಲೀಸಿ ಕುರ್ದರ ಚರಿತ್ರೆ ಬರೆದಾಗ ಇರಾನಿನ ಪಶ್ಚಿಮದ ಲುರ್ ಜನರನ್ನೂ ಸೇರಿಸಿಕೊಂಡ. ಇವತ್ತು ಅವರನ್ನು ಸಾಮಾನ್ಯವಾಗಿ ಬೇರೆ ಜನ ಎಂದೇ ಎಣಿಸುತ್ತಾರೆ. ಹಾಗಾಗಿ ಹಳೇ ಪುಸ್ತಕದಲ್ಲಿ ಆ ಹೆಸರು ಕಂಡ ತಕ್ಷಣ ಇವತ್ತಿನ ಕುರ್ದರೇ ಎಂದು ಬರೆದುಬಿಡುವ ಹಾಗಿಲ್ಲ.

ಇಷ್ಟು ಕಾವು ಯಾಕೆ ಅನ್ನುವುದಕ್ಕೂ ಜಾಗ ಕೊಟ್ಟೆ. ಟರ್ಕಿಯಲ್ಲಿ ಎಷ್ಟೋ ವರ್ಷ ಕುರ್ದರೆಂಬ ಜನವೇ ಇಲ್ಲ, ಅವರು ಬೆಟ್ಟದ ತುರ್ಕರು ಎಂದು ಸರ್ಕಾರದ ಕಡೆಯವರೇ ಹೇಳುತ್ತಿದ್ದರು. ಹಿಮದ ಮೇಲೆ ನಡೆದಾಗ ಆಗುವ 'ಕರ್ತ್ ಕುರ್ತ್' ಸದ್ದಿನಿಂದ ಆ ಹೆಸರು ಬಂತು ಎಂದೂ ಹೇಳಿದರು! 1983ರಲ್ಲಿ ಕುರ್ದಿಶ್ ಭಾಷೆಗೆ ಕಡಿವಾಣ ಹಾಕುವ ಕಾಯ್ದೆ ಬಂತು, 1991ರವರೆಗೆ ಇತ್ತು. ಇಂಥದ್ದನ್ನು ಕೇಳಿಸಿಕೊಂಡವರು ನಾವು ಮೀಡರ ಮಕ್ಕಳು ಎಂದು ಎದೆ ತಟ್ಟಿದರೆ ಅದು ಸುಮ್ನೆ ಹುಟ್ಟಿದ ಹಠವಲ್ಲ. ಇರಾಕಿನ ಕುರ್ದರ ಪಂಚಾಂಗವೂ ಕ್ರಿ.ಪೂ. 700ರಿಂದ, ಮೀಡರ ರಾಜ್ಯದ ಕಾಲದಿಂದ ವರ್ಷ ಎಣಿಸುತ್ತದೆ. ಆದರೆ ಹೆಮ್ಮೆಯನ್ನು ಹೆಮ್ಮೆಯೆಂದೇ ಬರೆದೆ, ಸಾಕ್ಷಿಯ ಸಾಲಿಗೆ ತರಲಿಲ್ಲ.

ಕೊನೆಗೆ ಪ್ಯಾರಾ ಹೀಗೆ ಬಂತು: ಕುರ್ದಿಶ್ ಇರಾನಿ ಕುಟುಂಬದ ಭಾಷೆ, ಅದನ್ನಾಡುವ ಜನ ಇರಾನಿನ ಪಶ್ಚಿಮದ ಝಾಗ್ರೋಸ್ ಮತ್ತು ಅದರ ಸುತ್ತಲ ಬೆಟ್ಟಗಳಲ್ಲಿ ಬೇರೆ ಬೇರೆ ಗುಂಪುಗಳು ಬೆರೆತು ಬೆಳೆದವರು, ಮೀಡರೂ ಅವರಲ್ಲಿ ಸೇರಿರಬಹುದು. ಪುಟ ಜೋಡಿಸುವವರು ಮೀಡರ ರಾಜಧಾನಿಯಿಂದ ಕುರ್ದಿಸ್ತಾನಕ್ಕೆ ಬಾಣದ ಗುರುತು ಹಾಕಿದ ನಕ್ಷೆ ಕೇಳಿದರು, ಚೆಂದ ಕಾಣುತ್ತದೆ ಅಂತ. ಕೊಡಲಿಲ್ಲ. ಕಾರ್ಡೂಕರು, ಕಿರ್ಟಿಯರು, ಮೀಡರಿಗೆ ಬೇರೆ ಬೇರೆ ಬಣ್ಣ ಕೊಟ್ಟು, ನಡುವೆ ಗೆರೆ ಎಳೆಯದ ನಕ್ಷೆ ಕಳಿಸಿದೆ. ಅದೇ ಅಚ್ಚಾಯಿತು.